ಗೋಡೆಗೆ ಸುಣ್ಣ, ಕಣ್ಣಿಗೆ ಮಣ್ಣು



ಈಗೀಗ ನಮ್ಮ ಚಾಳುಗಳಲ್ಲಿ, ಹೊಟೇಲಿನ ಅಟ್ಟದ ಬಿಡಾರಗಳಲ್ಲಿ ಎರಡು ಮಾತುಗಳು ಓಡಾಡುತ್ತಿವೆ. ಒಂದು: “ಪಗಾರ ಸಾಲದೆಂದು ಗೊಣಗುವುದೇಕೆ? ಕೈಯಲ್ಲಿ ಮೊಬೈಲಿದೆ, ಮಲಗುವ ಮುನ್ನ ಒಂದು ತಾಸು ಬೆರಳಾಡಿಸಿದರೆ ಮೇಲುಸಂಪಾದನೆ ತಾನಾಗಿ ಬರುತ್ತದೆ.” ಎರಡು: “ಖೋಲಿಗೆ ಬಣ್ಣ ನಾವೇ ಬಳಿಯುವುದೇ? ಅದು ನಮ್ಮ ಕಸುಬಲ್ಲ. ನಾಲ್ಕು ಜನ ನೋಡಿದರೆ ಏನೆಂದಾರು?”

ಈ ಎರಡು ಮಾತುಗಳೂ ಸುಳ್ಳು ಎಂಬುದು ನಮ್ಮ ವಾದ. ದುಡ್ಡು ಬರುತ್ತದೆಂದು ಹೇಳುವ ಕಡೆ ನಮ್ಮವರ ದುಡ್ಡು ಹೋಗುತ್ತಿದೆ. ಮರ್ಯಾದೆ ಹೋಗುತ್ತದೆಂದು ಹೇಳುವ ಕಡೆ ದುಡ್ಡು ಉಳಿಯುತ್ತದೆ. ಮೊದಲು ಗೋಡೆಯ ಮಾತಾಡೋಣ, ಆಮೇಲೆ ಮೊಬೈಲಿನದು.

ಗಿರಣಗಾಂವಿನ ಹಳೆಯ ಬಿ.ಡಿ.ಡಿ. ಚಾಳುಗಳ ಖೋಲಿಯೊಂದಕ್ಕೆ 160 ಚದರ ಅಡಿ ಎಂದು ಲೆಕ್ಕ. ಅಂಥದೇ ಒಂದು ಖೋಲಿ 16 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಎಂದಿಟ್ಟುಕೊಳ್ಳಿ. ನಾಲ್ಕು ಗೋಡೆ ಸೇರಿ 520 ಚದರ ಅಡಿ, ಬಾಗಿಲು ಕಿಟಕಿಗೆ 40 ಕಳೆದರೆ 480, ಮಾಳಿಗೆ 160, ಒಟ್ಟು 640. ಬಣ್ಣದ ಡಬ್ಬಿಯ ಮೇಲೆ, ಎರಡು ಕೈ ಬಳಿಯಲು ಲೀಟರಿಗೆ ಎಷ್ಟು ಚದರ ಅಡಿ ಎಂದು ಬರೆದಿರುತ್ತಾರೆ. 60 ಎಂದಿದ್ದರೆ 640ನ್ನು 60ರಿಂದ ಭಾಗಿಸಿ; ಸುಮಾರು 11 ಲೀಟರು ಬೇಕು. ಇಷ್ಟು ಲೆಕ್ಕ ಮಾಡಲು ಮೆಟ್ರಿಕ್ ಪಾಸಾಗಬೇಕಿಲ್ಲ. ಗಲ್ಲಾದ ಎದುರು ನಿಂತು ಐದು ಟೇಬಲಿನ ಬಿಲ್ಲನ್ನು ಬಾಯಲ್ಲೇ ಕೂಡಿಸಿ ಹೇಳುವವರು ನಾವು. ಲೆಕ್ಕ ತಿಳಿಯದೆ ಅಂಗಡಿಗೆ ಹೋದವನಿಗೆ ಅಂಗಡಿಯವನು 20 ಲೀಟರಿನ ಬಕೆಟ್ಟನ್ನೇ ತೋರಿಸುತ್ತಾನೆ. ಉಳಿದ ಒಂಬತ್ತು ಲೀಟರು ಮೂಲೆಯಲ್ಲಿ ಕೂತು ಗಟ್ಟಿಯಾಗುತ್ತದೆ.

ಕೆಲಸದ ಕ್ರಮ ಗುಟ್ಟಿನದೇನಲ್ಲ. ಎದ್ದುನಿಂತ ಹಳೆಯ ಪದರವನ್ನು ಕೆರೆದು ತೆಗೆಯುವುದು. ಬಿರುಕಿಗೆ ಪುಟ್ಟಿ ತುಂಬುವುದು. ಒಣಗಿದ ಮೇಲೆ ಪಾಲಿಷ್ ಕಾಗದದಿಂದ ಉಜ್ಜುವುದು. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಪ್ರೈಮರು ಒಂದು ಕೈ, ಬಣ್ಣ ಎರಡು ಕೈ. ಮೊದಲು ಮಾಳಿಗೆ, ಆಮೇಲೆ ಗೋಡೆ. ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ. ಮೂಲೆ ಅಂಚುಗಳಿಗೆ ಕುಂಚ, ನಡುವಿನ ಬಯಲಿಗೆ ರೋಲರು. ಮೊದಲ ಕೈ ಒಣಗುವ ಮುಂಚೆ ಎರಡನೆಯದನ್ನು ಬಳಿದರೆ ಎರಡೂ ಸೇರಿ ಸುಲಿದು ಬರುತ್ತವೆ. ಕಾವಲಿ ಕಾಯುವ ಮುಂಚೆ ಹಿಟ್ಟು ಹೊಯ್ದವನ ದೋಸೆ ಏಳುವುದೇ?

ಇಷ್ಟರಲ್ಲಿ ನಮ್ಮವರು ತಪ್ಪುವುದು ಎರಡೇ ಕಡೆ. ಹಿಂದೆ ಸುಣ್ಣ ಬಳಿದ ಗೋಡೆಯ ಮೇಲೆ, ಆ ಸುಣ್ಣವನ್ನು ಕೆರೆಯದೆ ಡಿಸ್ಟೆಂಪರು ಬಳಿದರೆ ಅದು ಗೋಡೆಗೆ ಅಂಟುವುದಿಲ್ಲ, ಸುಣ್ಣದ ಪುಡಿಗೆ ಅಂಟುತ್ತದೆ. ಪುಡಿಯ ಜೊತೆಗೇ ಉದುರುತ್ತದೆ. ಕೆರೆಯಲು ಬೇಸರವೇ? ಹಾಗಿದ್ದರೆ ಮತ್ತೆ ಸುಣ್ಣವನ್ನೇ ಬಳಿಯಿರಿ. ತಿಳಿಯಾಗಿ ಕಲಸಿ, ಬಟ್ಟೆಯಲ್ಲಿ ಸೋಸಿ, ತೆಳುವಾಗಿ ಎರಡು ಮೂರು ಕೈ ಕೊಟ್ಟ ಸುಣ್ಣಕ್ಕೆ ನಾಚಬೇಕಾದ್ದು ಏನೂ ಇಲ್ಲ. ಕಣ್ಣಿಗೆ ಮಾತ್ರ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ. ಸುಣ್ಣ ಕಣ್ಣನ್ನು ಸುಡುತ್ತದೆ. ಎರಡನೆಯ ತಪ್ಪು ಕಾಲದ್ದು. ಜೂನಿನಿಂದ ಸೆಪ್ಟೆಂಬರಿನ ತನಕ ಮುಂಬಯಿಯ ಗೋಡೆ ನೀರು ಕುಡಿದಿರುತ್ತದೆ. ಆಗ ಬಳಿದ ಬಣ್ಣ ಬೊಬ್ಬೆ ಏಳುತ್ತದೆ. ಮಳೆ ನಿಂತು ಗೋಡೆ ಒಣಗಿದ ಮೇಲೆ, ದೀಪಾವಳಿಯ ಸುಮಾರಿಗೆ ಕೈಹಾಕಿರಿ. ಮೇಲಿನ ಮನೆಯ ನಲ್ಲಿ ಸೋರಿ ಗೋಡೆ ತೇವವಾಗಿದ್ದರೆ ಬಣ್ಣದಿಂದ ಪ್ರಯೋಜನವಿಲ್ಲ. ನಲ್ಲಿ ಮೊದಲು, ಬಣ್ಣ ಆಮೇಲೆ.

ಜೀವದ ಮಾತು ಒಂದಿದೆ. ಅದನ್ನು ಗಟ್ಟಿಯಾಗಿಯೇ ಹೇಳಬೇಕು. ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ಸರಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಮುಂಚಿನ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಬೇಡಿ. ಆ ಧೂಳು ಮಕ್ಕಳ ಹೊಟ್ಟೆಗೆ ಹೋದರೆ ಬುದ್ಧಿಯ ಬೆಳವಣಿಗೆಗೇ ಪೆಟ್ಟು. ನೀರು ಚಿಮುಕಿಸಿ ಒದ್ದೆಮಾಡಿ ಕೆರೆಯಿರಿ. ಮಕ್ಕಳನ್ನು ಆ ದಿನ ನೆರೆಮನೆಗೆ ಕಳುಹಿಸಿರಿ. ಸ್ಟೂಲಿನ ಮೇಲೆ ಡಬ್ಬಿ ಇಟ್ಟು ಹತ್ತಬೇಡಿ. ಏಣಿ ತನ್ನಿ, ಕೆಳಗೊಬ್ಬ ಹಿಡಿದಿರಲಿ. ಸ್ವಿಚ್ಚಿನ ಸುತ್ತ ಒದ್ದೆ ಕುಂಚ ಆಡಿಸುವ ಮುಂಚೆ ಮೇನ್ ತೆಗೆಯಿರಿ. ಥಿನ್ನರು ತೆರೆದಿರುವಾಗ ಸ್ಟೋವು ಹಚ್ಚಬೇಡಿ. ನಾಲ್ಕು ಕಾಸು ಉಳಿಸಲು ಹೋಗಿ ಸೊಂಟ ಮುರಿದುಕೊಂಡರೆ ಅದನ್ನು ಉಳಿತಾಯ ಎನ್ನುವುದಿಲ್ಲ.

ಇಬ್ಬರು ಪೇಂಟರುಗಳು ಮೂರು ದಿನ ಮಾಡುವ ಕೆಲಸವನ್ನು ನಾವು ನಾಲ್ವರು ಗೆಳೆಯರು ಎರಡು ರಜೆಯ ದಿನಗಳಲ್ಲಿ ಮಾಡಿದರೆ ಆರು ದಿನಗೂಲಿ ಉಳಿಯಿತು. ಬಂದದ್ದನ್ನೇ ಗಳಿಕೆ ಎಂದು ಕರೆಯುವ ನಾವು ಹೋಗದೆ ಉಳಿದದ್ದನ್ನು ಗಳಿಕೆ ಎನ್ನುವುದಿಲ್ಲ. ಊರಿನಲ್ಲಿ ತಾಯಂದಿರು ಹಬ್ಬಕ್ಕೆ ಮುಂಚೆ ಮನೆಯ ಗೋಡೆ ಸಾರಿಸಿ ಸುಣ್ಣ ಬಳಿದುಕೊಂಡರೆ ಯಾರೂ ನಗಲಿಲ್ಲ. ಮುಂಬಯಿಗೆ ಬಂದ ಮಗನಿಗೆ ಮಾತ್ರ ಕುಂಚ ಹಿಡಿಯಲು ನಾಚಿಕೆಯೇ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದೂ ನಮ್ಮ ಸಂಘದೊಳಗಿಂದಲೇ. “ಪೇಂಟರನೂ ಕೆಲಸಗಾರನೇ. ನಾವೇ ಬಣ್ಣ ಬಳಿದುಕೊಂಡರೆ ಅವನ ಹೊಟ್ಟೆಯ ಮೇಲೆ ಹೊಡೆದಂತಾಗಲಿಲ್ಲವೇ?” ಇದು ಒಳ್ಳೆಯ ಮನಸ್ಸಿನ ಪ್ರಶ್ನೆ, ಇದಕ್ಕೆ ನೇರವಾದ ಉತ್ತರ ಕೊಡಲೇಬೇಕು.

ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವವನು ಅಡಿಗೆಭಟ್ಟನ ಕೆಲಸ ಕಸಿಯುವುದಿಲ್ಲ. ತನ್ನ ಖೋಲಿಗೆ ತಾನೇ ಬಣ್ಣ ಬಳಿದವನೂ ಹಾಗೆಯೇ. ಅವನಲ್ಲಿ ಪೇಂಟರನನ್ನು ಕರೆಯುವಷ್ಟು ದುಡ್ಡು ಇರಲೇ ಇಲ್ಲ. ಅವನು ಬಳಿಯದಿದ್ದರೆ ಗೋಡೆ ಕಪ್ಪಾಗಿಯೇ ಇರುತ್ತಿತ್ತು. ಆದರೆ ಒಂದು ಗೆರೆ ಇದೆ. ನಾಲ್ಕು ಖೋಲಿ ಬಳಿದು ಕೈ ಪಳಗಿದ ಮೇಲೆ, ಪೇಂಟರು ಕೇಳುವುದರ ಅರ್ಧಕ್ಕೆ ಬರುತ್ತೇನೆಂದು ಕಟ್ಟಡದ ಸೇಠನ ಬಾಗಿಲಿಗೆ ಹೋಗಿ ನಿಂತರೆ, ಆಗ ನಾವು ಅವನ ಹೊಟ್ಟೆಯ ಮೇಲೆ ಹೊಡೆದಂತೆಯೇ. ನಮ್ಮ ಹೊಟೇಲುಗಳಲ್ಲಿ ನಮಗಿಂತ ಕಡಿಮೆ ಪಗಾರಕ್ಕೆ ಹೊಸ ಹುಡುಗನನ್ನು ತಂದು ನಮ್ಮನ್ನು ಹೊರಗೆ ಹಾಕಿದಾಗ ನಾವು ಬೊಬ್ಬೆಹಾಕುತ್ತೇವೆ. ಅದೇ ನ್ಯಾಯ ಅವರಿಗೂ ಸಲ್ಲತಕ್ಕದ್ದು. ರಜೆಯಲ್ಲಿ ಬೇರೆಯವರ ಮನೆಗೆ ಬಣ್ಣ ಬಳಿದು ನಾಲ್ಕು ಕಾಸು ಮಾಡುವುದು ತಪ್ಪಲ್ಲ. ಅವರ ದರವನ್ನು ಕೆಡಿಸುವುದು ತಪ್ಪು. ಉತ್ತರ ಪ್ರದೇಶದಿಂದಲೋ ಬಿಹಾರದಿಂದಲೋ ಬಂದ ಪೇಂಟರನ ದರ ಎಷ್ಟೋ ಅಷ್ಟೇ ನಮ್ಮದೂ ಆಗಲಿ. ಭಾಷೆ ಬೇರೆಯಾದರೆ ಹೊಟ್ಟೆ ಬೇರೆಯಲ್ಲ.

ಇನ್ನೊಂದು ಗೋಡೆಯೂ ಇದೆ. ಅದು ಧಣಿಯ ಗೋಡೆ. ಹಬ್ಬ ಹತ್ತಿರವಾದಾಗ ಕೆಲವು ಕಡೆ ಧಣಿಗಳಿಗೆ ಹುಡುಗರ ಮೇಲೆ ಒಮ್ಮೆಲೇ ಪ್ರೀತಿ ಉಕ್ಕುತ್ತದೆ. “ರಾತ್ರಿ ಹೊಟೇಲು ಮುಚ್ಚಿದ ಮೇಲೆ ಎಲ್ಲರೂ ಸೇರಿ ಬಣ್ಣ ಬಳಿದುಬಿಡೋಣ, ನಾವೆಲ್ಲ ಒಂದೇ ಮನೆಯವರಲ್ಲವೇ?” ಎನ್ನುತ್ತಾರೆ. ಬೆಳಗಿನ ತನಕ ಬಳಿದದ್ದಕ್ಕೆ ಒಂದು ಪ್ಲೇಟು ಶಿರಾ ಸಿಗುತ್ತದೆ. ಮರುದಿನ ಆರು ಗಂಟೆಗೆ ಇಡ್ಲಿಪಾತ್ರೆ ಇಳಿಸುವುದು ತಪ್ಪುವುದಿಲ್ಲ. ಒಂದೇ ಮನೆಯವರಾದರೆ ಗಲ್ಲಾದ ಕೀಲಿಕೈಯನ್ನೂ ಒಂದು ದಿನ ನಮ್ಮ ಕೈಗೆ ಕೊಡುವರೇ ಎಂದು ಕೇಳಿನೋಡಿ! ನಮ್ಮ ಖೋಲಿಯ ಗೋಡೆಗೆ ನಮ್ಮ ಬೆವರು ಸಲ್ಲಲಿ. ಧಣಿಯ ಗೋಡೆಗೆ ಸುರಿದ ಬೆವರಿಗೆ ಕೂಲಿ ಸಲ್ಲಬೇಕು.

ಈಗ ಮೊಬೈಲಿಗೆ ಬರೋಣ.

ನಮ್ಮವರ ಮೊಬೈಲಿಗೆ ಬರುವ ಸಂದೇಶ ಹೀಗಿರುತ್ತದೆ: “ಮನೆಯಲ್ಲೇ ಕೂತು ಸಂಪಾದಿಸಿ. ಒಂದು ವಿಡಿಯೋಕ್ಕೆ ಲೈಕ್ ಒತ್ತಿದರೆ 50 ರೂಪಾಯಿ.” ಕೆಲವು ಬಾರಿ ಕೆಲಸ ಇನ್ನೂ ಸೊಗಸು: ಕಂಡರಿಯದ ಊರಿನ ಹೊಟೇಲಿಗೆ ಐದು ನಕ್ಷತ್ರ ಕೊಡಬೇಕಂತೆ! ಒಂದು ಮಸಾಲೆದೋಸೆಗೆ ಅಕ್ಕಿ ನೆನೆಹಾಕುವವನು, ರುಬ್ಬುವವನು, ಹೊಯ್ಯುವವನು, ಒಯ್ಯುವವನು, ತಟ್ಟೆ ತೊಳೆಯುವವನು ಎಷ್ಟು ಜನ ಎಂಬುದು ನಮಗೆ ಗೊತ್ತು. ಆ ದೋಸೆಯಲ್ಲಿ ನಮ್ಮ ಪಾಲಿಗೆ ಬರುವುದೆಷ್ಟು ಎಂಬುದೂ ಗೊತ್ತು. ಹಾಗಿರುವಾಗ ಬೆರಳು ಒಂದು ಸಲ ಒತ್ತಿದ್ದಕ್ಕೆ 50 ರೂಪಾಯಿ ಕೊಡುವ ಧರ್ಮರಾಯ ಯಾವ ಲೋಕದಲ್ಲಿ ಹುಟ್ಟಿದ? ಈ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು, ಅರ್ಧ ಮೋಸ ಅಲ್ಲಿಗೇ ಬಯಲು.

ಆದರೆ ಮೊದಲ ದಿನ 150 ರೂಪಾಯಿ ನಿಜವಾಗಿಯೇ ಬರುತ್ತದೆ. ಇಲಿಬೋನಿನಲ್ಲಿಯೂ ಕೊಬ್ಬರಿ ನಿಜವಾದದ್ದೇ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ನೂರು ಜನ “ನನಗೆ ಬಂತು, ನನಗೆ ಬಂತು” ಎನ್ನುತ್ತಿರುತ್ತಾರೆ. ಅವರೆಲ್ಲ ಬೇಟೆಗಾರನ ಕೈಯಾಳುಗಳೇ. 1,000 ಕಟ್ಟು, 1,300 ಬರುತ್ತದೆ ಎನ್ನುತ್ತಾರೆ, ಬರುತ್ತದೆ. 5,000 ಕಟ್ಟು ಎನ್ನುತ್ತಾರೆ. ಪರದೆಯ ಮೇಲೆ 8,000 ಎಂದು ಕಾಣುತ್ತದೆ, ಕೈಗೆ ಬರುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಇನ್ನೂ 20,000. ಅದಾದ ಮೇಲೆ ‘ತೆರಿಗೆ’. ಅದಾದ ಮೇಲೆ ‘ದಂಡ’. ಹೋದದ್ದನ್ನು ಹಿಡಿಯಲು ಇನ್ನಷ್ಟನ್ನು ಕಳುಹಿಸುವುದು, ಬಾವಿಗೆ ಬಿದ್ದ ಕೊಡವನ್ನು ಎತ್ತಲು ಹಗ್ಗವನ್ನೂ ಬಾವಿಗೆ ಎಸೆದ ಹಾಗೆ.

ನಮ್ಮ ಬಳಿಗೆ ಬಂದ ಒಬ್ಬ ಸಪ್ಲಾಯರ್ ತಂಗಿಯ ಮದುವೆಗೆಂದು ಮೂರು ವರುಷ ಕೂಡಿಟ್ಟದ್ದನ್ನು ಹನ್ನೊಂದು ದಿನಗಳಲ್ಲಿ ಹೀಗೆ ಕಳಕೊಂಡ. ಕೊನೆಯ ಕಂತಿಗೆ ಜೊತೆಗಾರರಿಂದ ಕೈಗಡ ತಂದಿದ್ದ. ಊರಿಗೆ ಫೋನು ಮಾಡಲು ಬಾಯಿಲ್ಲದೆ, ಊಟ ಬಿಟ್ಟು ಹೊಟೇಲಿನ ಅಟ್ಟದಲ್ಲಿ ಮುಖ ತಿರುಗಿಸಿ ಮಲಗಿದ್ದ. ಅವನನ್ನು ನಾವು ದಡ್ಡನೆಂದು ಬಯ್ಯಲಿಲ್ಲ, ಬಯ್ಯಲೂಕೂಡದು. ಹದಿನಾಲ್ಕು ತಾಸು ದುಡಿದು ಬಂದವನ ತಲೆಯನ್ನು ಹೇಗೆ ತಿರುಗಿಸಬೇಕೆಂದು ತಿಳಿದವರೇ ಆ ಬಲೆಯನ್ನು ನೇಯ್ದಿದ್ದಾರೆ.

ಇನ್ನೂ ಕೆಟ್ಟದ್ದೊಂದಿದೆ. “ನಿನ್ನ ಬ್ಯಾಂಕ್ ಖಾತೆಯನ್ನು ನಮಗೆ ಕೊಡು, ಬಂದ ಹಣವನ್ನು ಮುಂದಕ್ಕೆ ಕಳುಹಿಸು, ನೂರಕ್ಕೆ ಎರಡು ನಿನಗೆ” ಎಂಬ ಬಾಡಿಗೆಯ ವ್ಯವಹಾರ. ಅದು ಯಾರದೋ ಕದ್ದ ಹಣ. ಅದರ ಜಾಡು ಹಿಡಿದು ಪೋಲೀಸರು ಬರುವಾಗ ಮೊದಲು ಸಿಕ್ಕುವುದು ಖಾತೆಯ ಹೆಸರಿನವನು, ಕದ್ದವನಲ್ಲ. ಖಾತೆ ಸ್ಥಗಿತವಾಗುತ್ತದೆ, ಅದರಲ್ಲೇ ಇದ್ದ ಪಗಾರವೂ ಸಿಕ್ಕಿಬೀಳುತ್ತದೆ, ಮೇಲೆ ಮೊಕದ್ದಮೆ. ಪಾಸ್‌ಬುಕ್ಕು, ಎ.ಟಿ.ಎಂ. ಕಾರ್ಡು, ಸಿಮ್ಮು ಇವನ್ನು ಬಾಡಿಗೆಗೆ ಕೊಡುವುದೆಂದರೆ ತನ್ನ ಕೈಗೆ ತಾನೇ ಬೇಡಿ ತೊಡಿಸಿಕೊಳ್ಳುವುದು.

ಆ ಕಡೆ ಕೂತು ಸಂದೇಶ ಕಳುಹಿಸುವವನು ಯಾರೆಂದು ಬಲ್ಲಿರಾ? ಎಷ್ಟೋ ಬಾರಿ ಅವನೂ ನಮ್ಮಂಥವನೇ. ‘ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ’ ಎಂದು ನಂಬಿ ಹೋದ ಹುಡುಗರನ್ನು ಮ್ಯಾನ್ಮಾರಿನ ಗಡಿಗೆ ಸಾಗಿಸಿ, ಬೇಲಿಯೊಳಗೆ ಕೂಡಿಹಾಕಿ, ಈ ಮೋಸವನ್ನು ಮಾಡಿಸುತ್ತಿದ್ದರು. 2025ರ ಮಾರ್ಚಿ ತಿಂಗಳಲ್ಲಿ ಅಂಥ ಐನೂರಕ್ಕೂ ಮಿಕ್ಕಿದ ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಬಿಡಿಸಿ ತರಬೇಕಾಯಿತು. ಬಡವನನ್ನು ಸುಲಿಯಲು ಬಡವನನ್ನೇ ಜೀತಕ್ಕಿಟ್ಟ ವ್ಯಾಪಾರವಿದು. ಇದಕ್ಕೆ ‘ಮೇಲುಸಂಪಾದನೆ’ ಎಂದು ಹೆಸರು!

ಬಲೆಗೆ ಬಿದ್ದವನು ಮಾಡತಕ್ಕದ್ದು ಇಷ್ಟು: ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನು ಮಾಡಬೇಕು, ಬ್ಯಾಂಕಿಗೆ ತಿಳಿಸಬೇಕು, ಸಂದೇಶಗಳನ್ನು ಅಳಿಸದೆ ಇಡಬೇಕು. ಬೇಗ ತಿಳಿಸಿದರೆ ಹಣ ಮುಂದಕ್ಕೆ ಹೋಗುವ ಮುಂಚೆ ತಡೆಯುವ ಸಂಭವವುಂಟು. ಬೆಳಗಾಗಲಿ ಎಂದು ಕಾದರೆ ಅದು ಹತ್ತು ಖಾತೆ ದಾಟಿರುತ್ತದೆ. ಇನ್ನೊಂದು ಸೂತ್ರವನ್ನು ಗಂಟುಹಾಕಿಕೊಳ್ಳಿ: ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಕೆಲಸ ಪಡೆಯಲು ಹಣ ಕಟ್ಟಬೇಕಾಗಿಲ್ಲ. ಯಾವನಾದರೂ ಇವೆರಡರಲ್ಲಿ ಒಂದನ್ನು ಕೇಳಿದನೆಂದರೆ ಅವನು ಕಳ್ಳ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಕಳ್ಳರು ಕಳ್ಳತನ ಮಾಡುತ್ತಾರೆ; ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ‘ಮೇಲುಸಂಪಾದನೆ ಮಾಡಿಕೋ’ ಎಂಬ ಬುದ್ಧಿವಾದವನ್ನು ಬಿಳಿಯಂಗಿ ತೊಟ್ಟವರೂ ಹೇಳುತ್ತಾರಲ್ಲ, ಅವರನ್ನು ಕೇಳಬೇಕಾಗಿದೆ. ಒಬ್ಬನ ಮೈಮುರಿಯುವ ದುಡಿತಕ್ಕೆ ಅವನ ಮನೆ ನಡೆಯುವಷ್ಟು ಪಗಾರ ಸಿಕ್ಕಬೇಡವೇ? ಇದನ್ನು ಕೇಳದೆ “ಇನ್ನೊಂದು ಕೆಲಸ ಮಾಡು” ಎನ್ನುವುದು ಉಪಕಾರವೇ?

ಒಂದು ಲೆಕ್ಕ ನೋಡಿ. ತಿಂಗಳಿಗೆ 15,600 ರೂಪಾಯಿ ಪಗಾರ ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಎಂಟು ತಾಸಿಗೆ ಭಾಗಿಸಿದರೆ ತಾಸಿಗೆ 75. ನಿಗದಿಯಾದ ಅವಧಿ ಮೀರಿ ದುಡಿಸಿಕೊಂಡರೆ ಮಾಮೂಲು ದರದ ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ ಕೂಲಿ ಕೊಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ; ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಹೊಸ ಸಂಹಿತೆಗಳ ಇತರ ಸಂಗತಿಗಳ ಬಗ್ಗೆ ಕಾರ್ಮಿಕ ಸಂಘಗಳ ತಕರಾರು ಬೇಕಾದಷ್ಟಿದೆ. ಈ ದುಪ್ಪಟ್ಟಿನ ಮಾತು ಮಾತ್ರ ಹೊಸದಲ್ಲ, ಗಿರಣಿಯವರಿಗೆ 1948ರ ಕಾರ್ಖಾನೆ ಕಾನೂನಿನಲ್ಲಿಯೇ ಇತ್ತು. ಅಂದರೆ ಹೆಚ್ಚಿನ ತಾಸಿಗೆ 150. ದಿನಕ್ಕೆ ಎರಡು ತಾಸು ಹೆಚ್ಚು ದುಡಿದರೆ 26 ದಿನಕ್ಕೆ 52 ತಾಸು, 7,800 ರೂಪಾಯಿ! ಮೊಬೈಲಿನೊಳಗೆ ಹುಡುಕುತ್ತಿರುವ ಮೇಲುಸಂಪಾದನೆ ನಮ್ಮ ಹೊಟೇಲಿನ ಗಲ್ಲಾದಲ್ಲಿಯೇ ಕೂತಿದೆ. ಅದನ್ನು ನಾವು ಈಗಾಗಲೇ ದುಡಿದಿದ್ದೇವೆ, ಪಡೆದಿಲ್ಲ, ಅಷ್ಟೆ. ಬಂದ ಸಮಯ ಹೋದ ಸಮಯವನ್ನು ಪ್ರತಿದಿನ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಇಬ್ಬರು ಬರೆದರೆ ಧಣಿ ನಗುತ್ತಾನೆ. ಇಪ್ಪತ್ತು ಜನ ಬರೆದರೆ ಕೂತು ಮಾತಾಡುತ್ತಾನೆ.

ಒಬ್ಬೊಬ್ಬನೇ ತನ್ನ ತನ್ನ ಬೆಳಕಿನ ಪರದೆ ನೋಡುತ್ತ ಮಲಗಿದರೆ ಇದು ಆಗದು. ಮಂಗಳೂರಿನಿಂದ ಈ ನಗರಕ್ಕೆ ಬಂದ ಜಾರ್ಜ್ ಫರ್ನಾಂಡಿಸರು 1950ರ ದಶಕದಲ್ಲಿ ಟ್ಯಾಕ್ಸಿಯವರನ್ನೂ ಹೊಟೇಲಿನವರನ್ನೂ ಒಟ್ಟುಗೂಡಿಸಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥವರನ್ನೇ ಸೋಲಿಸಿದರು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ಬಂದರು. ಆ ಹೋರಾಟ ಗೆಲ್ಲಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಸೋಲನ್ನು ಕಂಡ ಹಿರಿಯರು ಇಂದಿಗೂ ನಮ್ಮ ಚಾಳುಗಳಲ್ಲಿದ್ದಾರೆ. ಅವರ ಮಕ್ಕಳಿಗೆ ಗಿರಣಿಯ ಭೋಂಗಾ ಇಲ್ಲ, ಮೊಬೈಲಿನ ಗಂಟೆ ಇದೆ. ಆ ಗಂಟೆಯ ಹಿಂದೆಯೂ ಒಬ್ಬ ಧಣಿ ಇದ್ದಾನೆ. ಅವನ ಮುಖ ಕಾಣುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಊಟ ಹಂಚುವ, ಮನೆಗೆಲಸಕ್ಕೆ ಆಳು ಕಳುಹಿಸುವ ಆ ಕಾಣದ ಧಣಿಗಳಿಂದ ಕೆಲಸಗಾರರ ಕಲ್ಯಾಣಕ್ಕಾಗಿ ಶುಲ್ಕ ವಸೂಲು ಮಾಡಲು ನಮ್ಮ ಕರ್ನಾಟಕ ಸರಕಾರ 2025ರಲ್ಲಿ ಕಾನೂನು ಮಾಡಿದೆ. ಅದು ತಾನಾಗಿ ಬಂದದ್ದಲ್ಲ; ಸಂಘ ಕಟ್ಟಿ ಕೇಳಿದವರು ಇದ್ದರು, ಬಂತು.

ಹಾಗಾದರೆ ಮೊಬೈಲನ್ನು ಸಮುದ್ರಕ್ಕೆ ಎಸೆಯಬೇಕೇ? ಬೇಡ. ಕುಂಚದಂತೆ ಅದೂ ಒಂದು ಹತ್ಯಾರು. ಬಣ್ಣ ಬಳಿದ ಖೋಲಿಯ ಪಟ, ಬಳಿಯುವ ಮುಂಚಿನದೊಂದು ಆಮೇಲಿನದೊಂದು, ಚಾಳಿನ ಗುಂಪಿನಲ್ಲಿ ಹಾಕಿರಿ. ನೋಡಿದವರು ಕರೆದಾರು. ಬಣ್ಣದ ದುಡ್ಡು ಮೊದಲು, ಕೂಲಿ ಅರ್ಧ ಮುಂಗಡ, ದರ ಪೇಂಟರರದೇ. ಹಣ ಬಂತೆಂಬ ಸಂದೇಶವನ್ನು ಮಾತ್ರ ನಂಬದೆ ಖಾತೆ ನೋಡಿಯೇ ಕುಂಚ ತೊಳೆಯಿರಿ. ಇದು ಕೂಡ ಮೊಬೈಲಿನಿಂದ ಬಂದ ಸಂಪಾದನೆಯೇ. ಆದರೆ ಇಲ್ಲಿ ಗೋಡೆ ಇದೆ, ಕೆಲಸ ಇದೆ, ಕೊಡುವವನ ಮುಖ ಇದೆ.

ಸಂಘವೂ ಬರಿಯ ಮಾತಾಡಿ ಕೂತರೆ ಸಾಲದು. ಎರಡು ಏಣಿ, ನಾಲ್ಕು ರೋಲರು, ಕೆರೆಯುವ ಹತ್ಯಾರು, ಬಕೆಟ್ಟುಗಳು, ಕನ್ನಡಕಗಳು ಇವನ್ನು ಸಂಘದ ಹೆಸರಿನಲ್ಲಿ ಕೊಂಡು ಇಡಬೇಕು; ಸದಸ್ಯರು ಸರದಿಯಂತೆ ಒಯ್ದು, ತೊಳೆದು, ಹಿಂದೆ ತರಬೇಕು. ದೀಪಾವಳಿಯ ಮುಂಚೆ ಮೊದಲು ಬಳಿಯಬೇಕಾದದ್ದು, ಕೈಲಾಗದ ಹಿರಿಯ ಗಿರಣಿ ಕೆಲಸಗಾರರ ಖೋಲಿಗಳನ್ನು. ಹಾಗೆಯೇ ವಾರಕ್ಕೊಂದು ರಾತ್ರಿ, ಓದಬಲ್ಲ ಒಬ್ಬರು ಕಚೇರಿಯಲ್ಲಿ ಕೂತು, ಮೊಬೈಲಿಗೆ ಬಂದ ಸಂಶಯದ ಸಂದೇಶಗಳನ್ನು ಯಾರು ತಂದರೂ ಓದಿ ಹೇಳಬೇಕು. ಹಗಲು ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆ ನಮ್ಮದು. ಈ ಹೊಸ ಅಕ್ಷರವೇನು ದೊಡ್ಡದು?

ಒಂದು ಕಾಸು ಕಳುಹಿಸುವ ಮುಂಚೆ ಒಬ್ಬ ಜೊತೆಗಾರನಿಗೆ ತೋರಿಸಿರಿ. ಒಂದು ತಾಸು ಹೆಚ್ಚು ದುಡಿದರೆ ಬರೆದಿಡಿರಿ. ಮಳೆ ನಿಂತ ಮೇಲೆ ಏಣಿಗೆ ಹೆಸರು ಕೊಡಿರಿ.